ಅಂಗಾಲಿನ ನರಹುಲಿ: ಗುರುತು, ಉಪಚಾರ, ಎಚ್ಚರ

ಮನುಷ್ಯನ ಒಂದೊಂದು ಪಾದದಲ್ಲಿಯೂ 26 ಎಲುಬುಗಳಿವೆ. ಮಗು ಎದ್ದು ನಿಂತ ದಿನದಿಂದ ಕಡೆಯ ತನಕ ಈ ಎರಡು ಪಾದಗಳೇ ದೇಹದ ಭಾರವನ್ನೆಲ್ಲ ಹೊರುತ್ತವೆ. ಆದರೂ ನಮ್ಮ ಅಂಗಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದುದು ಅಂಗಾಲು. ಮುಖದಲ್ಲಿ ಸಣ್ಣ ಗುಳ್ಳೆಯೊಂದು ಎದ್ದರೆ ದಿನಕ್ಕೆ ಹತ್ತು ಸಲ ಕನ್ನಡಿಯ ಮುಂದೆ ನಿಲ್ಲುವವರು ಅಂಗಾಲನ್ನು ತಿಂಗಳಿಗೊಮ್ಮೆಯೂ ತಿರುಗಿಸಿ ನೋಡುವುದಿಲ್ಲ. ನಡೆಯುವಾಗ ಚುಚ್ಚತೊಡಗಿದ ಮೇಲೆಯೇ ಅದರ ನೆನಪಾಗುತ್ತದೆ. ಆಗಲೂ ‘ಆಣಿ ಆಗಿದೆ’ ಎಂದು ತಾವೇ ತೀರ್ಮಾನಿಸಿ, ಬ್ಲೇಡಿನಿಂದ ಹೆರೆದೋ, ಔಷಧಿ ಅಂಗಡಿಯಿಂದ ತಂದ ಪಟ್ಟಿಯನ್ನು ಅಂಟಿಸಿಯೋ ಸುಮ್ಮನಾಗುತ್ತಾರೆ.

ಹೀಗೆ ಆಣಿಯೆಂದು ಹೇಳಿಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಅನೇಕರಿಗೆ, ಅದರಲ್ಲಿಯೂ ಮಕ್ಕಳಿಗೆ ಮತ್ತು ತರುಣರಿಗೆ, ಆಗಿರುವುದು ಆಣಿಯಲ್ಲ, ನರಹುಲಿ. ಇದನ್ನೇ ಕೆಲವೆಡೆ ನರೂಲಿ, ನರುಳ್ಳೆ ಎಂದು ಕರೆಯುತ್ತಾರೆ. ಕೈಬೆರಳಿನ ಮೇಲೋ ಕುತ್ತಿಗೆಯಲ್ಲೋ ಆದ ನರಹುಲಿಯನ್ನು ಎಲ್ಲರೂ ಗುರುತಿಸುತ್ತಾರೆ. ಅಂಗಾಲಿನಲ್ಲಿ ಆದಾಗ ಅದರ ರೂಪವೇ ಬೇರೆಯಾಗುವುದರಿಂದ ಗುರುತು ಸಿಕ್ಕುವುದಿಲ್ಲ. ಆಣಿಗೂ ನರಹುಲಿಗೂ ಕಾರಣ ಬೇರೆ, ಚಿಕಿತ್ಸೆ ಬೇರೆ. ಮೇಲಾಗಿ ಇವೆರಡೂ ಅಲ್ಲದ, ಕಾಲನ್ನೇ ಕಳೆಯಬಲ್ಲ ಕೆಲವು ವ್ಯಾಧಿಗಳು ಇವೆರಡರ ವೇಷದಲ್ಲಿ ಬರುವುದುಂಟು. ಆದ್ದರಿಂದ ಈ ಚಿಕ್ಕ ವಿಷಯವನ್ನು ಈ ತಿಂಗಳು ಸ್ವಲ್ಪ ವಿಸ್ತಾರವಾಗಿಯೇ ವಿವರಿಸುತ್ತೇವೆ.

ನರಹುಲಿ ಎಂದರೇನು?

ನರಹುಲಿ ವೈರಾಣುವಿನಿಂದ ಬರುವ ಚರ್ಮದ ಸೋಂಕು. ಹೆಸರಿನಲ್ಲಿ ‘ನರ’ ಇದ್ದರೂ ನರಗಳಿಗೂ ಇದಕ್ಕೂ ಸಂಬಂಧವಿಲ್ಲ. ರಕ್ತ ಕೆಟ್ಟು ಬರುವುದೆಂಬ ಮಾತೂ ನಿಜವಲ್ಲ. ಇಟಲಿಯ ವೈದ್ಯ ಚುಫೋ 1907ರಲ್ಲಿ ನರಹುಲಿಯನ್ನು ಅರೆದು, ಜೀವಕೋಶಗಳೂ ಬ್ಯಾಕ್ಟೀರಿಯಗಳೂ ದಾಟಲಾರದ ಸೋಸುಕದಲ್ಲಿ ಸೋಸಿ, ಆ ದ್ರವದಿಂದಲೂ ನರಹುಲಿ ಹುಟ್ಟುವುದೆಂದು ತೋರಿಸಿದನು. ಅಷ್ಟು ಸೂಕ್ಷ್ಮವಾದ ಕಾರಣವೆಂದರೆ ವೈರಾಣುವೇ. ಇಂದು ಅದನ್ನು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಸಂಕ್ಷೇಪವಾಗಿ ಎಚ್‌ಪಿವಿ ಎಂದು ಕರೆಯುತ್ತಾರೆ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಅಂಗಾಲಿನ ನರಹುಲಿಗೆ ಮುಖ್ಯವಾಗಿ 1, 2, 4, 27 ಮತ್ತು 57ನೆಯ ಬಗೆಗಳು ಕಾರಣ.

ಎಚ್‌ಪಿವಿ ಎಂಬ ಹೆಸರು ಕೇಳಿದ ಕೂಡಲೇ ತಾಯಂದಿರು ಗಾಬರಿಯಾಗುತ್ತಾರೆ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ವೈರಾಣು ಇದೇ ಕುಲದ್ದು ಎಂದು ಅವರು ಓದಿರುತ್ತಾರೆ. ಆದರೆ ಆ ಕ್ಯಾನ್ಸರಿಗೆ ಮುಖ್ಯ ಕಾರಣ 16 ಮತ್ತು 18ನೆಯ ಬಗೆಗಳು. ಅಂಗಾಲಿನ ಸಾಮಾನ್ಯ ನರಹುಲಿಯ ಬಗೆಗಳು ಬೇರೆ. ಮಗಳ ಕಾಲಿನಲ್ಲಿ ನರಹುಲಿ ಆಯಿತೆಂದು ಆ ಭಯ ಪಡಬೇಕಾಗಿಲ್ಲ.

ಈ ವೈರಾಣು ಗಟ್ಟಿಯಾದ, ಒಣಗಿದ ಚರ್ಮವನ್ನು ಭೇದಿಸಲಾರದು. ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣಿಗೆ ಕಾಣದಷ್ಟು ಸಣ್ಣ ಗೀರು, ಒಡೆದ ಹಿಮ್ಮಡಿಯ ಬಿರುಕು ಇವೇ ಅದಕ್ಕೆ ಬಾಗಿಲು. ಒಳಹೊಕ್ಕ ವೈರಾಣು ಹೊರಚರ್ಮದ ತಳದ ಪದರದಲ್ಲಿ ನೆಲೆಸಿ, ಅಲ್ಲಿನ ಕೋಶಗಳು ಅತಿಯಾಗಿ ಬೆಳೆಯುವಂತೆ ಮಾಡುತ್ತದೆ. ಇದು ಕಣ್ಣಿಗೆ ಕಾಣಲು ವಾರಗಳಿಂದ ಹಲವು ತಿಂಗಳುಗಳೇ ಬೇಕಾಗಬಹುದು. ಹಾಗಾಗಿ ಸೋಂಕು ಎಲ್ಲಿ ತಗುಲಿತೆಂದು ನೆನಪಿಸಿಕೊಳ್ಳುವುದು ಬಹುಮಟ್ಟಿಗೆ ಅಸಾಧ್ಯ.

ಕೈಯ ನರಹುಲಿ ಹೂಕೋಸಿನಂತೆ ಹೊರಕ್ಕೆ ಬೆಳೆಯುತ್ತದೆ. ಅಂಗಾಲಿನಲ್ಲಾದರೋ ಮೇಲಿನಿಂದ ದೇಹದ ಭಾರ, ಕೆಳಗಿನಿಂದ ನೆಲದ ಒತ್ತಡ. ಹೊರಬರಲಾರದೆ ಅದು ಒಳಕ್ಕೆ ಒತ್ತಲ್ಪಡುತ್ತದೆ. ಮೇಲೆ ಜಡ್ಡು ಕಟ್ಟಿಕೊಳ್ಳುತ್ತದೆ. ಆದ್ದರಿಂದಲೇ ಅದು ಆಣಿಯಂತೆ ಕಾಣುತ್ತದೆ, ಹರಳು ತುಳಿದಂತೆ ನೋಯುತ್ತದೆ. ‘ಬೇರು ಎಲುಬಿಗೆ ಇಳಿದಿದೆ’ ಎಂದು ಹೇಳುವವರುಂಟು. ನರಹುಲಿಗೆ ಬೇರಿಲ್ಲ. ಅದು ಹೊರಚರ್ಮದ ವ್ಯಾಧಿ. ಎಲುಬಿನ ತನಕ ಕೊರೆದು ತೆಗೆಯಬೇಕಾದದ್ದು ಅಲ್ಲಿ ಏನೂ ಇರುವುದಿಲ್ಲ.

ಆಣಿಯೋ ನರಹುಲಿಯೋ?

ಒಳ್ಳೆಯ ಬೆಳಕಿನಲ್ಲಿ ಕುಳಿತು, ಕಾಲನ್ನು ತೊಳೆದು ಒರೆಸಿ, ಈ ನಾಲ್ಕು ಸಂಗತಿಗಳನ್ನು ಪರೀಕ್ಷಿಸಬೇಕು.

ಮೊದಲನೆಯದು ಗೆರೆಗಳು. ಬೆರಳ ತುದಿಯಲ್ಲಿರುವಂತೆ ಅಂಗಾಲಿನ ಚರ್ಮದ ಮೇಲೆಯೂ ಸೂಕ್ಷ್ಮವಾದ ಗೆರೆಗಳಿವೆ. ಆಣಿ ಅಥವಾ ಜಡ್ಡಿನ ಮೇಲೆ ಈ ಗೆರೆಗಳು ಸಾಮಾನ್ಯವಾಗಿ ಹಾಗೆಯೇ ಹಾದುಹೋಗುತ್ತವೆ. ನರಹುಲಿಯ ಬಳಿಗೆ ಬಂದ ಗೆರೆಗಳು ಅಂಚಿನಲ್ಲಿ ನಿಂತು, ಹೊಳೆಯ ನೀರು ಬಂಡೆಯನ್ನು ಬಳಸಿದಂತೆ ಸುತ್ತಿ ಹೋಗುತ್ತವೆ.

ಎರಡನೆಯದು ಕಪ್ಪು ಚುಕ್ಕೆಗಳು. ನರಹುಲಿಯ ಮೇಲ್ಪದರ ಸ್ವಲ್ಪ ಸವೆದಾಗ ಸಾಸಿವೆಗಿಂತ ಚಿಕ್ಕದಾದ ಕಪ್ಪು ಅಥವಾ ಕಂದು ಚುಕ್ಕೆಗಳು ಕಾಣುತ್ತವೆ. ಜನ ಇದನ್ನು ‘ಬೀಜ’ ಎನ್ನುತ್ತಾರೆ. ಅವು ಬೀಜಗಳಲ್ಲ, ನರಹುಲಿಗೆ ರಕ್ತ ಒದಗಿಸುವ ಎಳೆಗಳಂಥ ನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ. ಆಣಿಯಲ್ಲಿ ಈ ಚುಕ್ಕೆಗಳಿರುವುದಿಲ್ಲ. ಅದರ ನಡುವೆ ಮೇಣದಂತೆ ಅರೆಪಾರದರ್ಶಕವಾದ, ಗಟ್ಟಿಯಾದ ತಿರುಳೊಂದು ಇರುತ್ತದೆ.

ಮೂರನೆಯದು ನೋವಿನ ಬಗೆ. ಆಣಿಯನ್ನು ಹೆಬ್ಬೆರಳಿನಿಂದ ನೇರವಾಗಿ ಒತ್ತಿದರೆ ನೋವು ಹೆಚ್ಚು. ನರಹುಲಿಯನ್ನು ಎರಡೂ ಬದಿಗಳಿಂದ ಚಿವುಟಿದಂತೆ ಹಿಂಡಿದರೆ ನೋವು ಹೆಚ್ಚು.

ನಾಲ್ಕನೆಯದು ಸ್ಥಾನ. ಆಣಿ ಒತ್ತಡದ ಕೂಸು. ಚಪ್ಪಲಿ ಉಜ್ಜುವಲ್ಲಿ, ಎಲುಬು ಚಾಚಿರುವಲ್ಲಿ, ಕಿರುಬೆರಳ ಹೊರಬದಿಯಲ್ಲಿ ಅದು ಹುಟ್ಟುತ್ತದೆ. ನರಹುಲಿ ಎಲ್ಲಿಯಾದರೂ ಆಗಬಹುದು. ಭಾರವೇ ಬೀಳದ ಪಾದದ ಕಮಾನಿನಲ್ಲಿಯೂ ಆಗಬಹುದು. ಒಂದರ ಸುತ್ತ ಹಲವು ಹುಟ್ಟಿ, ಒಂದಕ್ಕೊಂದು ಸೇರಿ ಚಪ್ಪಟೆಯಾದ ಹಾಸಿನಂತೆ ಹರಡುವುದೂ ಉಂಟು.

ಇಷ್ಟು ನೋಡಿಯೂ ಸಂದೇಹ ಉಳಿದರೆ ವೈದ್ಯರು ಶುದ್ಧವಾದ ಉಪಕರಣದಿಂದ ಮೇಲಿನ ಜಡ್ಡನ್ನು ತೆಳುವಾಗಿ ಹೆರೆದು ನೋಡುತ್ತಾರೆ. ನರಹುಲಿಯಾಗಿದ್ದರೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಮೂಡುತ್ತವೆ. ಇದನ್ನು ಮನೆಯಲ್ಲಿ ಮಾಡಬಾರದು.

ಪ್ರಾಚೀನ ವೈದ್ಯರ ನೋಟ

ಈ ಎರಡು ವ್ಯಾಧಿಗಳ ಭೇದ ನಮ್ಮ ಪ್ರಾಚೀನ ಆಚಾರ್ಯರಿಗೆ ತಿಳಿದಿತ್ತೆಂಬುದು ಗಮನಿಸತಕ್ಕ ಸಂಗತಿ. ಸುಶ್ರುತ ಸಂಹಿತೆಯ ನಿದಾನಸ್ಥಾನದ ಹದಿಮೂರನೆಯ ಅಧ್ಯಾಯದಲ್ಲಿ ‘ಕದರ’ ಎಂಬ ಕ್ಷುದ್ರರೋಗದ ವರ್ಣನೆ ಇದೆ. ಹರಳುಗಳಿಂದ ಉಜ್ಜಿದ, ಮುಳ್ಳು ಮೊದಲಾದವುಗಳಿಂದ ಗಾಯಗೊಂಡ ಪಾದದಲ್ಲಿ ಬೋರೆಹಣ್ಣಿನ ಗಾತ್ರದ, ಮೊಳೆಯಂತೆ ಗಟ್ಟಿಯಾದ, ನೋಯುವ ಗಂಟು ಹುಟ್ಟುತ್ತದೆ ಎಂದು ಅಲ್ಲಿ ಹೇಳಿದೆ. ಇದು ನಮ್ಮ ಆಣಿಗೆ ಹತ್ತಿರ. ಅದೇ ಸ್ಥಾನದ ಎರಡನೆಯ ಅಧ್ಯಾಯದಲ್ಲಿ ‘ಚರ್ಮಕೀಲ’ ಬರುತ್ತದೆ. ಪ್ರಕೋಪಗೊಂಡ ವ್ಯಾನವಾಯು ಕಫವನ್ನು ಕೂಡಿಕೊಂಡು ಚರ್ಮದ ಹೊರಗೆ ಸ್ಥಿರವಾದ, ಕೀಲದಂಥ ಅಂಕುರಗಳನ್ನು ಉಂಟುಮಾಡುತ್ತದೆ ಎಂದು ಅದರ ಲಕ್ಷಣ. ಇದು ನರಹುಲಿಗೆ ಹತ್ತಿರ. ಒಂದಕ್ಕೆ ಹೊರಗಿನ ಘರ್ಷಣೆ ಕಾರಣ, ಇನ್ನೊಂದಕ್ಕೆ ಹಾಗಲ್ಲ ಎಂಬ ವಿವೇಚನೆ ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಮಾಡಿದ್ದು. ವೈರಾಣುವನ್ನು ಅವರು ಕಂಡಿದ್ದರೆಂದು ನಾವು ಹೇಳುವುದಿಲ್ಲ. ಅಂಥ ಮಾತಿನಿಂದ ಆಯುರ್ವೇದದ ಗೌರವ ಹೆಚ್ಚುವುದೂ ಇಲ್ಲ. ಅವರು ರೋಗಿಯ ಪಾದವನ್ನು ಕೈಯಲ್ಲಿ ಹಿಡಿದು ಶ್ರದ್ಧೆಯಿಂದ ನೋಡಿದರು. ಇಂದಿನ ವೈದ್ಯರೂ ಕಲಿಯಬೇಕಾದದ್ದು ಅದು.

ಕಾಯುವುದೂ ಒಂದು ಚಿಕಿತ್ಸೆ

ನರಹುಲಿಯ ಬಗ್ಗೆ ತಿಳಿಯಬೇಕಾದ ಬಹು ಮುಖ್ಯ ಸಂಗತಿಯೆಂದರೆ, ಅದು ಬಹಳಷ್ಟು ಸಲ ತಾನಾಗಿಯೇ ಹೋಗುತ್ತದೆ. ದೇಹದ ರೋಗನಿರೋಧಕ ಶಕ್ತಿ ಆ ವೈರಾಣುವನ್ನು ಗುರುತಿಸಿದ ದಿನದಿಂದ ಅದು ಕರಗತೊಡಗುತ್ತದೆ. ಮಕ್ಕಳಲ್ಲಿ ಸುಮಾರು ಅರ್ಧದಷ್ಟು ನರಹುಲಿಗಳು ಒಂದು ವರ್ಷದೊಳಗೆ, ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ಮಾಯವಾಗುತ್ತವೆ. ದೊಡ್ಡವರಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ನೋವಿಲ್ಲದ, ಹರಡದ ನರಹುಲಿ ಇರುವ ಆರೋಗ್ಯವಂತ ಮಗುವಿಗೆ ಏನೂ ಮಾಡದೆ ಗಮನಿಸುತ್ತಿರುವುದೇ ಯೋಗ್ಯ. ‘ಔಷಧಿ ಬರೆಯದೆ ಕಳಿಸಿದರು’ ಎಂದು ಪಾಲಕರು ಬೇಸರಪಟ್ಟರೂ ನಾವು ಹಾಗೆಯೇ ಹೇಳಿ ಕಳಿಸುತ್ತೇವೆ.

ಹಲವಾರು ರೂಢಿಗಳ ಖ್ಯಾತಿಯ ಗುಟ್ಟೂ ಇಲ್ಲಿಯೇ ಇದೆ. ಕಲ್ಯಾಣಿಗೆ ಉಪ್ಪು ಬೆಲ್ಲ ಹಾಕುವುದು, ನರಹುಲಿಗೆ ಕುದುರೆಬಾಲದ ಕೂದಲು ಕಟ್ಟುವುದು, ಮಂತ್ರಿಸಿದ ದಾರ ಧರಿಸುವುದು ಇವೆಲ್ಲ ನಮ್ಮ ಸೀಮೆಯಲ್ಲಿ ನಡೆದುಬಂದಿವೆ. ಹೇಗೂ ಹೋಗಲಿದ್ದ ನರಹುಲಿ ಹೋದಾಗ ಕೀರ್ತಿ ದಾರಕ್ಕೆ ಸಲ್ಲುತ್ತದೆ. ಹೋಗದೆ ಉಳಿದವರ ಸುದ್ದಿ ಯಾರೂ ಹೇಳುವುದಿಲ್ಲ. ವೈದ್ಯರೂ ಈ ಮಾತನ್ನು ನೆನಪಿನಲ್ಲಿಡಬೇಕು. ನಾವು ಕೊಟ್ಟ ಪುಡಿಯಿಂದಲೇ ಹೋಯಿತೆಂದು ಹೇಳುವ ಮೊದಲು ಕಾಲವು ಮಾಡಿದ ಕೆಲಸವನ್ನು ಲೆಕ್ಕಕ್ಕೆ ಹಿಡಿಯಬೇಕು. ಹೊಟ್ಟೆಗೆ ಸೇವಿಸುವ ಔಷಧಿಯಿಂದಷ್ಟೇ ಅಂಗಾಲಿನ ನರಹುಲಿ ಉದುರುತ್ತದೆಂದು ನಾವು ಯಾರಿಗೂ ಮಾತು ಕೊಡುವುದಿಲ್ಲ.

ನಡೆಯಲು ನೋವಾಗುತ್ತಿದ್ದರೆ, ಸಂಖ್ಯೆ ಹೆಚ್ಚುತ್ತಿದ್ದರೆ, ಮನೆಯ ಇತರರಿಗೆ ಹರಡುತ್ತಿದ್ದರೆ ಮಾತ್ರ ಚಿಕಿತ್ಸೆಗೆ ಮುಂದಾಗಬೇಕು.

ಮನೆಯಲ್ಲಿಯೇ ಮಾಡಬಹುದಾದುದು

ಆಯುರ್ವೇದ ವೈದ್ಯರು ಸ್ಯಾಲಿಸಿಲಿಕ್ ಆಮ್ಲದ ಹೆಸರು ಹೇಳುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ರೋಗಿಗೆ ಹಿತವಾದುದನ್ನು ಹೇಳುವುದು ವೈದ್ಯನ ಧರ್ಮ. ನರಹುಲಿಗೆ ಹಚ್ಚುವ ಔಷಧಿಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗಿ, ಉಪಯೋಗವಿದೆಯೆಂದು ಕಂಡುಬಂದದ್ದು ಇದು. ಶೇಕಡಾ 17ರಷ್ಟು ಸ್ಯಾಲಿಸಿಲಿಕ್ ಆಮ್ಲವಿರುವ ದ್ರಾವಣ ಔಷಧಿ ಅಂಗಡಿಗಳಲ್ಲಿ ದೊರೆಯುತ್ತದೆ. ಅದು ಜಡ್ಡನ್ನು ಪದರಪದರವಾಗಿ ಕರಗಿಸುತ್ತದೆ. ಅದರಿಂದಾಗುವ ಅಲ್ಪ ಉರಿಯು ದೇಹದ ರಕ್ಷಣಾ ಶಕ್ತಿಯನ್ನು ಆ ಕಡೆಗೆ ಎಚ್ಚರಿಸುತ್ತದೆ ಎಂದೂ ಭಾವಿಸಲಾಗಿದೆ.

ವಿಧಾನ ಹೀಗಿದೆ. ರಾತ್ರಿ ಮಲಗುವ ಮೊದಲು ಪಾದವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷ ನೆನೆಸಬೇಕು. ಮೆತ್ತಗಾದ ಮೇಲ್ಪದರವನ್ನು ಉಗುರು ಉಜ್ಜುವ ಅರದಿಂದ ಹಗುರವಾಗಿ ತೆಗೆಯಬೇಕು. ರಕ್ತ ಬರುವಂತೆ ಉಜ್ಜಬಾರದು. ಪಾದವನ್ನು ಪೂರ್ತಿ ಒರೆಸಿ, ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲಿನ್ ಸವರಿ, ನರಹುಲಿಯ ಮೇಲೆ ಮಾತ್ರ ಒಂದು ಹನಿ ಔಷಧಿ ಹಚ್ಚಿ ಒಣಗಲು ಬಿಡಬೇಕು. ಮೇಲೆ ಅಂಟುಪಟ್ಟಿ ಹಾಕಿದರೆ ಒಳ್ಳೆಯದು. ಮರುದಿನ ಇದೇ ಕ್ರಮ. ಅತಿಯಾದ ಉರಿ ಅಥವಾ ಹುಣ್ಣು ಕಂಡರೆ ಕೆಲವು ದಿನ ನಿಲ್ಲಿಸಬೇಕು. ಬಳಸಿದ ಅರವನ್ನು ಮನೆಯ ಬೇರೆಯವರು ಮುಟ್ಟಬಾರದು. ಅದೇ ಅರದಿಂದ ಉಗುರನ್ನೂ ಉಜ್ಜಬಾರದು.

ಇದನ್ನು ನಿತ್ಯವೂ ತಪ್ಪದೆ ಮೂರು ತಿಂಗಳ ತನಕ ಮಾಡಬೇಕಾಗಬಹುದು. ಬಹುತೇಕರು ಎರಡು ವಾರಕ್ಕೆ ಬಿಟ್ಟು, ‘ಔಷಧಿ ನಾಟಲಿಲ್ಲ’ ಎನ್ನುತ್ತಾರೆ. ಗುಣವಾದ ಗುರುತೂ ನಾವು ಮೊದಲು ಹೇಳಿದ ಗೆರೆಗಳಲ್ಲಿಯೇ ಇದೆ. ಆ ಜಾಗದ ಮೇಲೆ ಚರ್ಮದ ಗೆರೆಗಳು ಮತ್ತೆ ಮುರಿಯದೆ ಹಾದುಹೋದರೆ ನರಹುಲಿ ಹೋಯಿತೆಂದು ತಿಳಿಯಬೇಕು.

ವೈದ್ಯರಲ್ಲಿ ಮಾಡುವ ಚಿಕಿತ್ಸೆ

ಚರ್ಮಕೀಲವನ್ನು ಶಸ್ತ್ರದಿಂದ ತೆಗೆದು ಕ್ಷಾರದಿಂದ ಅಥವಾ ಅಗ್ನಿಯಿಂದ ಸುಡಬೇಕೆಂದು ಸುಶ್ರುತರ ವಿಧಾನ. ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯ ಕ್ಷಾರಕ್ಕೂ ಹನ್ನೆರಡನೆಯದು ಅಗ್ನಿಕರ್ಮಕ್ಕೂ ಮೀಸಲಾಗಿವೆ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಉತ್ತರಾಣಿಯ ಗಿಡವನ್ನು ಒಣಗಿಸಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಮತ್ತೆ ಮತ್ತೆ ಸೋಸಿ, ತಿಳಿನೀರನ್ನು ಬತ್ತಿಸಿದರೆ ಕ್ಷಾರ ದೊರೆಯುತ್ತದೆ. ಸುಶ್ರುತರು 21 ಸಲ ಸೋಸಬೇಕೆನ್ನುತ್ತಾರೆ. ಕ್ಷಾರವನ್ನು ಲೇಪಿಸಿ ನೂರು ಅಕ್ಷರಗಳನ್ನು ಉಚ್ಚರಿಸುವಷ್ಟು ಹೊತ್ತು ಕಾದು, ಬಳಿಕ ಹುಳಿಯಾದ ದ್ರವದಿಂದ ತೊಳೆಯಬೇಕೆಂದು ವಿಧಿಸಿದ್ದಾರೆ. ಕ್ಷಾರದ ಉಗ್ರತೆಯನ್ನು ಆಮ್ಲ ಶಮನ ಮಾಡುತ್ತದೆಂಬ ರಸಾಯನಶಾಸ್ತ್ರದ ತತ್ತ್ವ ಅಲ್ಲಿ ಸ್ಪಷ್ಟವಾಗಿದೆ. ಅಗ್ನಿಕರ್ಮದಲ್ಲಿ ಕಾಯಿಸಿದ ಲೋಹದ ಶಲಾಕೆಯಿಂದ ನರಹುಲಿಯನ್ನಷ್ಟೇ ಸುಟ್ಟು, ಜೇನು ತುಪ್ಪಗಳನ್ನು ಲೇಪಿಸುತ್ತಾರೆ. ಅಂಗಾಲಿನಲ್ಲಿ ಆಳವಾಗಿ ಸುಟ್ಟರೆ ಕಲೆಯ ಗಂಟು ಉಳಿದು, ನರಹುಲಿಗಿಂತ ಹೆಚ್ಚಾಗಿ ಜೀವನವಿಡೀ ನೋಯಬಹುದು. ಆದ್ದರಿಂದ ಇವು ಅಭ್ಯಾಸವಿದ್ದ, ನೋಂದಾಯಿತ ವೈದ್ಯರ ಕೈಯಲ್ಲಿ ಮಾತ್ರ ಆಗಬೇಕು. ಬಾಲಕರು, ವೃದ್ಧರು, ದುರ್ಬಲರು, ಗರ್ಭಿಣಿಯರಿಗೆ ಕ್ಷಾರಕರ್ಮ ಸಲ್ಲದೆಂದು ಸಂಹಿತೆಯೇ ನಿಷೇಧಿಸಿದೆ.

ಚರ್ಮರೋಗ ತಜ್ಞರು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿರುವ ದ್ರವ ಸಾರಜನಕದಿಂದ ನರಹುಲಿಯನ್ನು ಹೆಪ್ಪುಗಟ್ಟಿಸುತ್ತಾರೆ. ಎರಡು ಮೂರು ವಾರಕ್ಕೊಮ್ಮೆ, ಹಲವು ಸಲ ಮಾಡಬೇಕಾಗುತ್ತದೆ. ವಿದ್ಯುತ್ತಿನಿಂದ ಸುಡುವ ಪದ್ಧತಿಯೂ ಇದೆ. ಯಾವುದೂ ಒಂದೇ ಏಟಿಗೆ ಮುಗಿಸುವಂಥದಲ್ಲ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 240 ರೋಗಿಗಳಿಗೆ, ಕೆಲವರಿಗೆ ಶೇಕಡಾ 50ರ ಸ್ಯಾಲಿಸಿಲಿಕ್ ಆಮ್ಲ, ಕೆಲವರಿಗೆ ದ್ರವ ಸಾರಜನಕ ಕೊಟ್ಟು ನಡೆಸಿದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರಗಳ ನಂತರ ಎರಡೂ ಗುಂಪುಗಳಲ್ಲಿ ಪೂರ್ತಿ ಗುಣವಾದವರು ನೂರಕ್ಕೆ ಸುಮಾರು 14 ಮಂದಿ ಮಾತ್ರ. ಇದನ್ನು ಹೇಳುವುದು ಓದುಗರನ್ನು ನಿರಾಶೆಗೊಳಿಸಲಿಕ್ಕಲ್ಲ. ‘ಒಂದೇ ದಿನದಲ್ಲಿ ಬೇರುಸಹಿತ ನಿರ್ಮೂಲ’ ಎಂಬ ಜಾಹೀರಾತಿಗೆ ಮರುಳಾಗಿ ಹಣವನ್ನೂ ಪಾದವನ್ನೂ ಕಳೆದುಕೊಳ್ಳಬಾರದೆಂದು.

ಮಾಡಬಾರದ ಕೆಲಸಗಳು

ಸುಣ್ಣ ಮತ್ತು ಸೋಡಾ ಕಲಸಿ ಹಚ್ಚುವುದು, ಎಕ್ಕದ ಹಾಲು, ಕಳ್ಳಿಹಾಲು ತೊಡೆಯುವುದು, ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಸುಡುವುದು, ಉರಿಯುವ ಊದುಬತ್ತಿಯನ್ನು ಒತ್ತುವುದು ಇವೆಲ್ಲ ಇಂದಿಗೂ ನಡೆದಿವೆ. ‘ಕ್ಷಾರವೂ ಸುಡುತ್ತದೆ, ಸುಣ್ಣವೂ ಸುಡುತ್ತದೆ, ವ್ಯತ್ಯಾಸವೇನು?’ ಎಂದು ಕೇಳಿದವರಿದ್ದಾರೆ. ಎಷ್ಟು ಸುಡಬೇಕು, ಯಾವಾಗ ನಿಲ್ಲಿಸಬೇಕು, ಸುಟ್ಟ ಮೇಲೆ ಹೇಗೆ ಶಮನ ಮಾಡಬೇಕು ಎಂಬ ಅಳತೆಯೇ ವ್ಯತ್ಯಾಸ. ಸುಣ್ಣ ಸೋಡಾದ ಲೇಪ ರಾತ್ರಿಯೆಲ್ಲ ಒಳಗೆ ಇಳಿಯುತ್ತಲೇ ಇರುತ್ತದೆ. ಗೇರೆಣ್ಣೆ ಸುತ್ತಲಿನ ಚರ್ಮವನ್ನೂ ಗುಳ್ಳೆ ಎಬ್ಬಿಸುತ್ತದೆ. ಇವುಗಳಲ್ಲಿ ಯಾವುದಾದರೂ ಕಣ್ಣಿಗೆ ತಾಗಿದರೆ, ಮುಖ್ಯವಾಗಿ ಎಕ್ಕ ಮತ್ತು ಕಳ್ಳಿಯ ಹಾಲು ತಾಗಿದರೆ, ದೃಷ್ಟಿಗೇ ಅಪಾಯ. ಬ್ಲೇಡಿನಿಂದ ಕತ್ತರಿಸಿದರೆ ರಕ್ತದೊಡನೆ ವೈರಾಣು ಸುತ್ತ ಹರಡುತ್ತದೆ, ಕೀವೂ ಆಗಬಹುದು.

ಮಧುಮೇಹಿಗಳಿಗೆ ವಿಶೇಷ ಎಚ್ಚರಿಕೆ

ಈ ಲೇಖನದಲ್ಲಿ ಒಂದೇ ಮಾತು ನೆನಪಿನಲ್ಲಿ ಉಳಿಯುವುದಾದರೆ ಈ ಭಾಗದ ಮಾತು ಉಳಿಯಲಿ. ಮಧುಮೇಹಿಗಳು, ಕಾಲಿನ ರಕ್ತಸಂಚಾರ ಕುಂದಿದವರು, ಅಂಗಾಲಿನ ಸ್ಪರ್ಶಜ್ಞಾನ ಕಡಿಮೆಯಾದವರು ಮೇಲೆ ಹೇಳಿದ ಸ್ಯಾಲಿಸಿಲಿಕ್ ಆಮ್ಲವನ್ನಾಗಲಿ, ಆಣಿಯ ಪಟ್ಟಿಯನ್ನಾಗಲಿ, ಕ್ಷಾರವನ್ನಾಗಲಿ, ಅಗ್ನಿಕರ್ಮವನ್ನಾಗಲಿ ಸ್ವಂತ ಬುದ್ಧಿಯಿಂದ ಎಂದೂ ಬಳಸಬಾರದು.

ನಮ್ಮಲ್ಲಿಗೆ ಬಂದ ಹಿರಿಯರೊಬ್ಬರ ಸಂಗತಿ ಹೇಳಬೇಕು. ಅವರು ನಿವೃತ್ತ ಶಿಕ್ಷಕರು, ಹಲವು ವರ್ಷಗಳ ಮಧುಮೇಹ. ಉತ್ತರ ಕರ್ನಾಟಕದ ಸಾವಿರಾರು ಭಕ್ತರಂತೆ ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಬರಿಗಾಲಿನಲ್ಲಿ ನಡೆದು ಬಂದಿದ್ದರು. ಹೆಬ್ಬೆರಳ ಬುಡದಲ್ಲಿ ಗಟ್ಟಿಯಾದ ಜಡ್ಡು ಕಂಡಿತು. ಆಣಿಯೆಂದು ಬಗೆದು ಪಟ್ಟಿ ತಂದು ಅಂಟಿಸಿದರು. ಆ ಪಟ್ಟಿಗಳಲ್ಲಿ ಸ್ಯಾಲಿಸಿಲಿಕ್ ಆಮ್ಲ ಶೇಕಡಾ 40ರಷ್ಟು ಇರುತ್ತದೆ. ‘ನೋವೇನೂ ಇರಲಿಲ್ಲ, ಹಾಗಾಗಿ ಬದಲಿಸುತ್ತ ಹೋದೆ’ ಎಂದರು. ನೋವಿಲ್ಲದಿದ್ದುದೇ ರೋಗದ ಲಕ್ಷಣವಾಗಿತ್ತು. ಪಟ್ಟಿ ತೆಗೆದು ನೋಡಿದರೆ ಒಂದು ರೂಪಾಯಿ ನಾಣ್ಯದಗಲ ಹುಣ್ಣು. ಕಣ್ಣು ಮುಚ್ಚಿಸಿ ಅಂಗಾಲಿಗೆ ನೂಲು ತಾಗಿಸಿದರೆ ಅವರಿಗೆ ಅರಿವೇ ಇಲ್ಲ. ಲೇಪ ಕೊಟ್ಟು ಕೂರಿಸುವ ರೋಗ ಅದಾಗಿರಲಿಲ್ಲ. ಅದೇ ದಿನ ಶಸ್ತ್ರಚಿಕಿತ್ಸಕರಿರುವ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಪಾದದ ಮೇಲೆ ಭಾರ ಹಾಕದೆ ಎರಡೂವರೆ ತಿಂಗಳು ಕಳೆದ ಮೇಲೆ ಹುಣ್ಣು ಮಾಯಿತು, ಬೆರಳು ಉಳಿಯಿತು. ಇನ್ನೆರಡು ವಾರ ತಡವಾಗಿದ್ದರೆ ಉಳಿಯುತ್ತಿತ್ತೆಂದು ಹೇಳಲಾರೆವು.

ಮಧುಮೇಹಿಗಳು ನಿತ್ಯ ರಾತ್ರಿ ಅಂಗಾಲನ್ನು ನೋಡಿಕೊಳ್ಳಬೇಕು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು, ಅಥವಾ ಮನೆಯವರಿಂದ ನೋಡಿಸಬಹುದು. ಸೊಸೆಯೋ ಮೊಮ್ಮಗನೋ ಎರಡು ನಿಮಿಷ ಹಿರಿಯರ ಪಾದ ನೋಡುವುದರಲ್ಲಿ ಸಂಕೋಚವೇನಿದೆ? ಪಾದಯಾತ್ರೆಯ ಸಂಕಲ್ಪವಿರುವ ಮಧುಮೇಹಿಗಳು ಮೊದಲು ವೈದ್ಯರಿಂದ ಪಾದ ಪರೀಕ್ಷಿಸಿಕೊಳ್ಳಬೇಕು. ಸ್ಪರ್ಶಜ್ಞಾನ ಕುಂದಿದ್ದರೆ ಬರಿಗಾಲಿನಲ್ಲಿ ನಡೆಯಲೇಬಾರದು. ಮೆತ್ತನೆಯ ಪಾದರಕ್ಷೆ ಧರಿಸಿ ನಡೆದರೆ ಭಕ್ತಿಗೆ ಕೊರತೆಯಾಗುವುದಿಲ್ಲ.

ನರಹುಲಿಯಂತೆ ಕಂಡರೂ ನರಹುಲಿಯಲ್ಲ

ಅಂಗಾಲಿನಲ್ಲಿ ಅಥವಾ ಉಗುರಿನ ಬುಡದಲ್ಲಿ ಹೊಸದಾಗಿ ಹುಟ್ಟಿ, ಅಂಚು ಒಡೆದು, ಬಣ್ಣ ಹಲವಾಗಿ, ತಿಂಗಳಿಂದ ತಿಂಗಳಿಗೆ ಹಿಗ್ಗುವ ಕಪ್ಪು ಮಚ್ಚೆ ಮೆಲನೋಮ ಎಂಬ ಕ್ಯಾನ್ಸರ್ ಆಗಿರಬಹುದು. ಇದು ಅಪರೂಪ. ಆದರೆ ನಮ್ಮಂಥ ಕಂದು ಚರ್ಮದವರಲ್ಲಿ ಆ ಕ್ಯಾನ್ಸರ್ ಹುಟ್ಟುವ ಮುಖ್ಯ ತಾಣಗಳಲ್ಲಿ ಅಂಗಾಲೂ ಒಂದು. ನೋವಿಲ್ಲದ ಹುಣ್ಣು, ಜೊತೆಗೆ ಮೈಮೇಲೆ ಸ್ಪರ್ಶವಿಲ್ಲದ ಮಾಸಲು ಮಚ್ಚೆ ಇದ್ದರೆ ಕುಷ್ಠರೋಗದ ಪರೀಕ್ಷೆ ಆಗಬೇಕು. ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯಿದೆ, ಪೂರ್ತಿ ಗುಣವೂ ಆಗುತ್ತದೆ. ಹೊಲದಲ್ಲಿ ದುಡಿಯುವವರ ಪಾದ ಊದಿ, ಹಲವು ರಂಧ್ರಗಳಿಂದ ಕಾಳಿನಂಥ ಕಣಗಳು ಸೋರುತ್ತಿದ್ದರೆ ಅದು ಮಣ್ಣಿನ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯದಿಂದ ಬರುವ ಬೇರೆಯೇ ವ್ಯಾಧಿ. ಒಳಗೆ ಮುರಿದು ಉಳಿದ ಜಾಲಿಮುಳ್ಳು ಕೂಡ ತಿಂಗಳುಗಟ್ಟಲೆ ಗಂಟಾಗಿ ನೋಯಬಲ್ಲದು. ಮೂರು ತಿಂಗಳ ಕ್ರಮಬದ್ಧ ಚಿಕಿತ್ಸೆಗೂ ಬಗ್ಗದ, ತಾನಾಗಿ ರಕ್ತ ಸುರಿಸುವ, ಹುಣ್ಣಾಗುವ ಯಾವುದನ್ನೂ ‘ನರಹುಲಿ’ ಎಂದು ಮನೆಯಲ್ಲಿಟ್ಟುಕೊಳ್ಳಬಾರದು.

ಹರಡದಂತೆ ತಡೆಯುವ ಬಗೆ

ಹಿಂದೊಮ್ಮೆ ಒಂದು ವಿದ್ಯಾರ್ಥಿ ನಿಲಯದಿಂದ ಒಂದೇ ತಿಂಗಳಲ್ಲಿ ಏಳು ಮಕ್ಕಳು ಅಂಗಾಲಿನ ನರಹುಲಿಯೊಡನೆ ನಮ್ಮಲ್ಲಿಗೆ ಬಂದರು. ಹೋಗಿ ನೋಡಿದೆವು. ಊಟ, ವಸತಿ ಎಲ್ಲ ಅಚ್ಚುಕಟ್ಟು. ಸ್ನಾನಗೃಹದ ನೆಲ ಮಾತ್ರ ದಿನವಿಡೀ ಒದ್ದೆ. ಮೂಲೆಯಲ್ಲಿ ಕಾಲು ಉಜ್ಜಲು ಎಲ್ಲರಿಗೂ ಒಂದೇ ಕಲ್ಲು. ಒದ್ದೆಯಲ್ಲಿ ಚರ್ಮ ಮೆತ್ತಗಾಗುತ್ತದೆ, ಕಲ್ಲು ಗೀರುತ್ತದೆ, ಒಬ್ಬನ ಪಾದದಿಂದ ಉದುರಿದ ಚರ್ಮದ ಪುಡಿ ಮತ್ತೊಬ್ಬನ ಗೀರಿಗೆ ಸೇರುತ್ತದೆ. ವೈರಾಣುವಿಗೆ ಇನ್ನೇನು ಬೇಕು? ಕಲ್ಲನ್ನು ತೆಗೆಸಿ, ನೀರು ಹರಿದುಹೋಗುವಂತೆ ನೆಲದ ಇಳಿಜಾರು ಸರಿಪಡಿಸಿ, ಮಕ್ಕಳಿಗೆ ಸ್ನಾನದ ಮನೆಯಲ್ಲಿ ಬಳಸಲು ಪ್ರತ್ಯೇಕ ರಬ್ಬರ್ ಚಪ್ಪಲಿ ಕೊಡಿಸಲು ವ್ಯವಸ್ಥಾಪಕರು ಒಪ್ಪಿದರು. ಆಮೇಲೆ ಹೊಸದಾಗಿ ಬಂದವರು ಕಡಿಮೆಯಾದರು.

ನಮ್ಮ ನಾಡಿನ ಮಠಗಳು ನಡೆಸುವ ಪ್ರಸಾದ ನಿಲಯಗಳಲ್ಲಿ ಎಷ್ಟೋ ಮಕ್ಕಳು ಒಂದೇ ಸೂರಿನಡಿ ಬೆಳೆಯುತ್ತಾರೆ. ಅಲ್ಲಿನ ಹಿರಿಯರು ಗಮನಿಸಬೇಕಾದುದು ಇಷ್ಟು: ಸ್ನಾನದ ನೆಲ ಒಣಗುವಂತಿರಬೇಕು; ಟವೆಲ್, ಕಾಲುಚೀಲ, ಚಪ್ಪಲಿ, ಉಗುರು ಕತ್ತರಿ ಒಬ್ಬೊಬ್ಬರಿಗೆ ಬೇರೆ ಬೇರೆ ಇರಬೇಕು; ಸ್ನಾನದ ನಂತರ ಬೆರಳ ಸಂದುಗಳನ್ನೂ ಒರೆಸುವ ಅಭ್ಯಾಸ ಮಾಡಿಸಬೇಕು. ನರಹುಲಿ ಇರುವ ಮಗುವನ್ನು ಆಟದಿಂದಾಗಲಿ ಪಂಕ್ತಿಯಿಂದಾಗಲಿ ದೂರವಿಡಬೇಕಿಲ್ಲ. ನರಹುಲಿಗೆ ಜಲನಿರೋಧಕ ಅಂಟುಪಟ್ಟಿ ಹಾಕಿದರೆ ಈಜಲಿಕ್ಕೂ ಕಳಿಸಬಹುದು. ಮಕ್ಕಳು ಕೈಯಿಂದ ಅದನ್ನು ಕೀಳದಂತೆ, ಕಚ್ಚದಂತೆ ನೋಡಿಕೊಂಡರಾಯಿತು. ಹಾಗೆ ಮಾಡಿದರೆ ಬೆರಳಿಗೂ ತುಟಿಗೂ ಹರಡುತ್ತದೆ.

ಪಾದಗಳು ಅತಿಯಾಗಿ ಬೆವರುವವರು ಹತ್ತಿಯ ಕಾಲುಚೀಲ ಧರಿಸಿ ದಿನವೂ ಬದಲಿಸಬೇಕು. ಹಿಮ್ಮಡಿ ಒಡೆಯುವವರು ರಾತ್ರಿ ಕಾಲು ತೊಳೆದು ಒರೆಸಿ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಸವರಬೇಕು. ಪಾದಾಭ್ಯಂಗವನ್ನು ನಮ್ಮ ಹಿರಿಯರು ದಿನಚರಿಯಲ್ಲಿ ಸೇರಿಸಿದ್ದಾರೆ. ಬಿರುಕಿಲ್ಲದ ಚರ್ಮ ವೈರಾಣುವಿಗೆ ಮುಚ್ಚಿದ ಬಾಗಿಲು. ಎಣ್ಣೆ ಸವರುವ ನೆಪದಲ್ಲಿ ದಿನಕ್ಕೊಮ್ಮೆ ಅಂಗಾಲಿನ ದರ್ಶನವೂ ಆಗುತ್ತದೆ. ಹೊಸ ಮಚ್ಚೆ, ಹೊಸ ಗಂಟು, ಅರಿವಿಗೆ ಬಾರದ ಗಾಯ ಏನೇ ಇದ್ದರೂ ಆಗಲೇ ಕಣ್ಣಿಗೆ ಬೀಳುತ್ತದೆ. ಇಂದು ರಾತ್ರಿ ಮಲಗುವ ಮುನ್ನ ಓದುಗರು ತಮ್ಮ ಅಂಗಾಲನ್ನೂ ಮನೆಯ ಹಿರಿಯರ ಅಂಗಾಲನ್ನೂ ಒಮ್ಮೆ ದೀಪದ ಬೆಳಕಿನಲ್ಲಿ ನೋಡಲೆಂದು ಕೋರುತ್ತೇವೆ.